ಘಟ್ಟದ ಮೇಲಿನ ಅರಸರ ಕಡಲಕೋಟೆ

ಅಪ್ಪೆಮಿಡಿ ಬರುವ ಹೊತ್ತಿಗೆ ನಮ್ಮಮ್ಮನಿಗೆ ಒಂದೇ ಧ್ಯಾನ, ಉಪ್ಪು. ಅಂಗಡಿಯ ಪೊಟ್ಟಣದ ಪುಡಿಯುಪ್ಪು ನಡೆಯುವುದಿಲ್ಲ. ಹರಳುಪ್ಪೇ ಆಗಬೇಕು, ಅದೂ ಗೋಕರ್ಣದ ಹತ್ತಿರದ ಸಾಣಿಕಟ್ಟಾದ್ದಾದರೆ ಒಳ್ಳೆಯದು. ಸ್ವಲ್ಪ ಮಬ್ಬು ಬಣ್ಣ, ಕೈಯಲ್ಲಿ ಹಿಡಿದರೆ ಚುಚ್ಚುವಷ್ಟು ದಪ್ಪ ಹರಳು. ಮಿಡಿಯ ಮೇಲೊಂದು ಪದರ ಉಪ್ಪು, ಉಪ್ಪಿನ ಮೇಲೊಂದು ಪದರ ಮಿಡಿ ಹಾಕಿ ಭರಣಿಯ ಬಾಯಿ ಕಟ್ಟಿದರೆ ಅವಳ ವರ್ಷದ ಅರ್ಧ ಚಿಂತೆ ಕಳೆದ ಹಾಗೆ. ಮಿಡಿ ನಮ್ಮ ಹೊಳೆದಂಡೆಯದು, ಉಪ್ಪು ಮಾತ್ರ ಘಟ್ಟದ ಕೆಳಗಿನದು.

ಈ ಘಟ್ಟದ ಕೆಳಗೆ, ಘಟ್ಟದ ಮೇಲೆ ಎಂಬ ಮಾತು ನಮ್ಮ ಕಡೆ ದಿನಕ್ಕೆ ಹತ್ತು ಸಲ ಬರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಪಡುವಣ ದಿಕ್ಕೆಂದರೆ ಇಳಿಜಾರು. ಅಲ್ಲಿಂದ ಉಪ್ಪು, ತೆಂಗಿನಕಾಯಿ, ಒಣಮೀನು ಹತ್ತಿ ಬರಬೇಕು. ಇಲ್ಲಿಂದ ಅಕ್ಕಿ, ಕಾಳುಮೆಣಸು, ಅಡಿಕೆ ಇಳಿದು ಹೋಗಬೇಕು. ಹೇರೆತ್ತುಗಳ ಬೆನ್ನಿನ ಮೇಲೆ ಗೋಣಿ ಹೇರಿಕೊಂಡು ನಡೆಯುತ್ತಿದ್ದ ಈ ಹತ್ತಿಳಿಯುವ ವ್ಯಾಪಾರದ ಮೇಲೆಯೇ ಒಂದು ರಾಜ್ಯ ಸುಮಾರು ಇನ್ನೂರ ಅರವತ್ತು ವರ್ಷ ಬದುಕಿತು. ಆ ರಾಜ್ಯ ಕೆಳದಿ. ಕಾಡಿನ ನಡುವೆ ಕೂತ ಈ ಅರಸರು ಕಡಲತಡಿಯ ಉದ್ದಕ್ಕೂ ಕೋಟೆ ಕಟ್ಟಿಸಿದರು, ಇದ್ದ ಕೋಟೆಗಳನ್ನು ಗೆದ್ದುಕೊಂಡರು, ಬಲಪಡಿಸಿದರು. ಈಗ ಕೇರಳದಲ್ಲಿರುವ ಬೇಕಲ ಕೋಟೆಯೂ ಶಿವಪ್ಪ ನಾಯಕನ ಹೆಸರಿನದೇ. ಅದನ್ನು ನೋಡಲು ಬಸ್ಸುಗಟ್ಟಲೆ ಜನ ಹೋಗುತ್ತಾರೆ. ನಾನು ಹೇಳಹೊರಟಿರುವುದು ಅಷ್ಟು ಜನ ಹೋಗದ, ಬರೀ ಮೀನುಗಾರರ ದೋಣಿ ಸುತ್ತಾಡುವ ಒಂದು ಕೋಟೆಯ ವಿಷಯ. ಹೊನ್ನಾವರದ ಎದುರು ಕಡಲಿನಲ್ಲಿ, ಪಟ್ಟಣದಿಂದ ಸುಮಾರು ನಾಲ್ಕು ಕಿಲೋಮೀಟರ್ ವಾಯುವ್ಯಕ್ಕೆ ಒಂದು ನಡುಗಡ್ಡೆಯಿದೆ. ಅದರ ಮೇಲಿರುವುದೇ ಬಸವರಾಜದುರ್ಗ.

ಶಿವಮೊಗ್ಗ ಜಿಲ್ಲೆಯವನಿಗೆ ಉತ್ತರ ಕನ್ನಡದ ನಡುಗಡ್ಡೆಯ ಉಸಾಬರಿ ಯಾಕೆ ಎಂದು ಕೇಳಬಹುದು. ಆ ಕೋಟೆಯನ್ನು ಕಡಲಿನ ಕಡೆಯಿಂದ ಎಷ್ಟು ನೋಡಿದರೂ ಅರ್ಥವಾಗುವುದಿಲ್ಲ, ಘಟ್ಟದ ಮೇಲೆ ನಿಂತೇ ನೋಡಬೇಕು. ನನಗೆ ಇದು ಹೊಳೆಯಲು ಎರಡು ಸಲ ದೋಣಿ ಹತ್ತಬೇಕಾಯಿತು.

ಅಳಿವೆಯ ಬಾಯಿ

ಮೊದಲು ಹೊಳೆಯ ಮಾತು. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಗೇರುಸೊಪ್ಪೆಯಲ್ಲಿ ಬಯಲಿಗೆ ಬಂದು, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಒಟ್ಟು ಉದ್ದ 128 ಕಿಲೋಮೀಟರ್ ಅಷ್ಟೇ. ಗೇರುಸೊಪ್ಪೆಯಿಂದ ಕೆಳಗೆ ಹೊಳೆ ಅಗಲ, ನಿಧಾನ. ಅಲ್ಲಿಯವರೆಗೂ ದೋಣಿ ಬರುತ್ತಿತ್ತು. ಆದ್ದರಿಂದ ಎತ್ತಿನ ಬೆನ್ನಿನ ಹೇರು ದೋಣಿಗೆ ಬೀಳುತ್ತಿದ್ದ ಜಾಗ ಗೇರುಸೊಪ್ಪೆ, ದೋಣಿಯ ಹೇರು ಹಡಗಿಗೆ ಬೀಳುತ್ತಿದ್ದ ಜಾಗ ಹೊನ್ನಾವರ.

ಆದರೆ ನಮ್ಮ ಕರಾವಳಿಯ ಹೊಳೆಬಂದರುಗಳಿಗೆಲ್ಲ ಒಂದು ಜಾಡ್ಯವಿದೆ. ಹೊಳೆ ತಂದ ಮರಳನ್ನು ಕಡಲಿನ ತೆರೆ ಹಿಂದಕ್ಕೆ ನೂಕುತ್ತದೆ. ಎರಡರ ಜಗಳದಲ್ಲಿ ಅಳಿವೆಯ ಬಾಯಿಗೆ ಅಡ್ಡಲಾಗಿ ನೀರಿನಡಿ ಮರಳಿನ ದಿಬ್ಬ ಏಳುತ್ತದೆ. ಇದು ಒಂದೇ ಕಡೆ ಇರುವುದೂ ಇಲ್ಲ. ಒಂದು ಮಳೆಗಾಲ ಕಳೆದರೆ ದಾರಿ ಬೇರೆ. ಹೊಳೆಯ ಒಳಗೆ ಎಷ್ಟೇ ಆಳವಿದ್ದರೂ ಬಾಗಿಲ ಹೊಸಿಲು ಎತ್ತರವಾಗಿಬಿಟ್ಟರೆ ದೊಡ್ಡ ಹಡಗು ಒಳಗೆ ಬರುವಂತಿಲ್ಲ. ಅದು ಹೊರಗೇ ಲಂಗರು ಹಾಕಿ ನಿಲ್ಲಬೇಕು, ಮಚವೆ, ಪಡಾವುಗಳಲ್ಲಿ ಸರಕು ಹೋಗಿ ಬರಬೇಕು. ಮಳೆಗಾಲದ ನಾಲ್ಕು ತಿಂಗಳಂತೂ ಇಡೀ ಬಾಗಿಲೇ ಮುಚ್ಚಿದಂತೆ.

ಈ ಹೊಸಿಲು ದಾಟುವುದು ಹೇಗಿರುತ್ತದೆಂದು ಪುಸ್ತಕದಲ್ಲಿ ಓದಿ ತಿಳಿಯುವ ವಿಷಯವಲ್ಲ. ನಾವು ಹೋದದ್ದು ಡಿಸೆಂಬರಿನಲ್ಲಿ, ಕಡಲು ಕೆರೆಯ ಹಾಗೆ ಮಲಗಿದ್ದ ದಿನ. ಹೊಳೆಯೊಳಗೆ ಹಾಡು ಗುನುಗುತ್ತಿದ್ದ ದೋಣಿಯವರು ಅಳಿವೆ ಹತ್ತಿರವಾಗುತ್ತಿದ್ದಂತೆ ಬಾಯಿ ಮುಚ್ಚಿದರು. ಇಂಜಿನ್ನನ್ನು ಕೊರಗುವಷ್ಟು ನಿಧಾನ ಮಾಡಿ ಮುಂದೆ ನೋಡುತ್ತ ನಿಂತರು. ನಾನು ಫೋಟೋ ತೆಗೆಯಲು ಎದ್ದೆ.

"ಕೂತ್ಕಣಿ ಮೇಷ್ಟ್ರೇ. ಮೂರು ತೆರೆ ಹೋಗ್ಲಿ."

ಮೂರು ಹೋದವು. ನನ್ನ ಕಣ್ಣಿಗೆ ಮೂರೂ ಒಂದೇ ಥರ ಕಂಡವು. ಅವರಿಗೆ ಮೂರನೆಯದರ ಬೆನ್ನಿನಲ್ಲಿ ಏನೋ ಕಂಡಿತು, ಇಂಜಿನ್ ಪೂರ್ತಿ ಬಿಟ್ಟರು, ದೋಣಿಯ ಮೂಗು ಒಮ್ಮೆ ಮೇಲೆದ್ದು ಧಡಕ್ಕನೆ ಬಿತ್ತು, ಉಪ್ಪುನೀರು ಮೈಮೇಲೆ ಸುರಿಯಿತು. ಅಷ್ಟೇ, ಕಡಲಿನಲ್ಲಿದ್ದೆವು. ಹಾಯಿ ಮಾತ್ರ ನಂಬಿದ್ದ ಕಾಲದಲ್ಲಿ, ತುಂಬಿದ ಮೆಣಸಿನ ಗೋಣಿಯೊಂದಿಗೆ, ಗೊತ್ತಿಲ್ಲದ ಪರದೇಶದ ನಾವಿಕ ಇದನ್ನು ದಾಟಬೇಕೆಂದರೆ ಊರಿನ ದೋಣಿಯವರ ಕಾಲು ಹಿಡಿಯದೆ ಗತಿಯಿರಲಿಲ್ಲ. ಬಂದರಿನ ಮೊದಲ ಕಾವಲುಗಾರ ಮರಳಿನ ದಿಬ್ಬ. ಕೋಟೆ ಬಂದದ್ದು ಅದಾದ ಮೇಲೆ.

ಈಗ ನಡುಗಡ್ಡೆಯ ಲೆಕ್ಕಾಚಾರ. ಮೊದಲ ಸಲ ಹೋದಾಗ ನಾನೂ ಎಲ್ಲರಂತೆ, ಇಲ್ಲಿಂದ ಫಿರಂಗಿ ಹೊಡೆದು ಅಳಿವೆಗೆ ಬರುವ ಹಡಗುಗಳನ್ನು ಮುಳುಗಿಸುತ್ತಿದ್ದರೆಂದು ಅಂದುಕೊಂಡಿದ್ದೆ. ಅಳತೆ ಹಾಕಿದರೆ ಅದು ಕೂಡುವುದಿಲ್ಲ. ಆ ಕಾಲದ ಫಿರಂಗಿ ನಂಬಿಕೆಯಿಂದ ಗುರಿ ಮುಟ್ಟುತ್ತಿದ್ದುದು ಹೆಚ್ಚೆಂದರೆ ಒಂದು ಕಿಲೋಮೀಟರಿನ ಆಸುಪಾಸು, ಅದೂ ಗುರಿ ಅಲುಗಾಡದೆ ನಿಂತಿದ್ದರೆ. ಅಳಿವೆಯನ್ನು ಗುಂಡಿನಿಂದ ಮುಚ್ಚಬೇಕಾದರೆ ಅಳಿವೆಯ ದಂಡೆಯ ಮೇಲೇ ಬತ್ತೇರಿ, ಎಂದರೆ ತೋಪಿನ ಕಟ್ಟೆ, ಕಟ್ಟಬೇಕು. ಮಂಗಳೂರಿನ ಬೋಳೂರಿನಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಅಂಥದ್ದು: ಗುರುಪುರ ಹೊಳೆಗೆ ನುಗ್ಗುವ ಯುದ್ಧನೌಕೆಯನ್ನು ದಂಡೆಯಲ್ಲೇ ಕೂತು ಹೊಡೆಯುವ ಲೆಕ್ಕ.

ನಡುಗಡ್ಡೆಯ ಕೋಟೆಯ ಕೆಲಸವೇ ಬೇರೆ. ಹೊರಗೆ ಲಂಗರು ಹಾಕಿದ ಹಡಗಿಗೆ ಮೂರು ಸಂಗತಿ ಬೇಕು: ಗಾಳಿಗೆ ಮರೆ, ಕುಡಿಯುವ ಸಿಹಿನೀರು, ಸರಕು ತರುವ ದೋಣಿ. ನಡುಗಡ್ಡೆಯ ಹಿಂಬದಿಯಲ್ಲಿ ಮರೆಯಿದೆ, ಮೇಲೆ ಬಾವಿಯಿದೆ, ದೋಣಿಗಳು ಓಡಾಡುವುದು ಅದರ ಕಣ್ಣೆದುರಿಗೇ. ಅದನ್ನು ಹಿಡಿದವನು ಗುಂಡು ಹಾರಿಸದೆಯೇ ಈ ಮೂರನ್ನೂ ಕೊಡಬಲ್ಲ, ಬೇಡವೆನ್ನಬಲ್ಲ. ಇನ್ನು ಎತ್ತರದ ಮೇಲೆ ನಿಂತವನಿಗೆ ಬರುವ ಹಡಗಿನ ಹಾಯಿ ಊರಿನವರಿಗಿಂತ ಎಷ್ಟೋ ಮೊದಲು ಕಾಣುತ್ತದೆ. ಹಗಲು ಹೊಗೆ, ರಾತ್ರಿ ಬೆಂಕಿ ಹಾಕಿದರೆ ದಂಡೆಯವರು ಎಚ್ಚರ. ಅದನ್ನು ಹಗೆ ಹಿಡಿದುಕೊಂಡರೆ ಎಷ್ಟು ತೊಂದರೆ ಎಂದು ಎಣಿಸಿದರೆ ಸಾಕು, ಕೋಟೆ ಯಾಕೆಂದು ಗೊತ್ತಾಗುತ್ತದೆ. ಇಂಗ್ಲಿಷರು ತಮ್ಮ ಕಾಗದಪತ್ರಗಳಲ್ಲಿ ಇದನ್ನು ಊರಿನ ಹೆಸರಿನಿಂದ ಕರೆಯದೆ 'ಕೋಟೆ ಕಟ್ಟಿದ ದ್ವೀಪ' ಎಂದೇ ಬರೆದುಕೊಂಡರು. ನಮ್ಮವರು ಇಟ್ಟ ಹೆಸರು ಕೆಳದಿಯ ಬಸವಪ್ಪ ನಾಯಕನದೆಂದು ಹೇಳುವುದು ವಾಡಿಕೆ. ಆ ಹೆಸರಿನವರು ಇಬ್ಬರಿದ್ದಾರೆ, ಒಬ್ಬ ರಾಣಿ ಚೆನ್ನಮ್ಮಾಜಿಯ ದತ್ತುಮಗ.

ಗೋಡೆ ಪೂರ್ತಿ ಚಿರೆಕಲ್ಲಿನದು. ನಾವು ಜಂಬಿಟ್ಟಿಗೆ ಎನ್ನುತ್ತೇವೆ, ತುಳುನಾಡಿನವರಿಗೆ ಮುರಕಲ್ಲು. ನೆಲದೊಳಗಿರುವಾಗ ಕೊಡಲಿಯಂಥ ಹತಾರದಿಂದ ಕಡಿಯುವಷ್ಟು ಮೆತ್ತಗೆ, ಗಾಳಿಬಿಸಿಲು ತಾಗಿದ ಮೇಲೆ ಗಟ್ಟಿ. ಟಿಪ್ಪು ಸತ್ತ ಮೇಲೆ ಈ ಸೀಮೆಯೆಲ್ಲ ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದೇ ಕಲ್ಲನ್ನು ಕಡಿದು ಇಟ್ಟಿಗೆ ಮಾಡುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟ. ಇವತ್ತು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಪದ ಅದು. ಬುರುಜಿನ ಹತ್ತಿರ ಒಂದು ಕಲ್ಲಿನ ಮೇಲೆ ಬೆರಳಾಡಿಸಿದೆ. ಕಡಿದವನ ಹತಾರದ ಓರೆಗೆರೆಗಳು ಸಾಲಾಗಿ, ನಿನ್ನೆ ಕಡಿದಂತೆ ಇದ್ದವು. ಅದರ ಪಕ್ಕದ ಕಲ್ಲನ್ನು ಗೋಳಿಮರದ ಬೇರು ಎರಡಾಗಿ ಸೀಳಿತ್ತು. ನಡುಗಡ್ಡೆಯಲ್ಲಿ ಕಲ್ಲಿಗೆ ಬರವಿರಲಿಲ್ಲ, ನೆಲವೇ ಅದು. ದೋಣಿಯಲ್ಲಿ ತರಬೇಕಾದದ್ದು ಜನ, ಫಿರಂಗಿ, ಮದ್ದು ಮತ್ತು ಅಕ್ಕಿ. ಅಕ್ಕಿ ಎಲ್ಲಿಂದ? ಅದೇ ಮುಂದಿನ ಕತೆ.

ಬೀಗ ಕೆಳಗೆ, ಕೈ ಮೇಲೆ

ಹೊನ್ನಾವರ ಕೆಳದಿಗಿಂತ ಬಹಳ ಹಳೆಯದು. 1342ರ ಸುಮಾರಿಗೆ ಇಬ್ನ್ ಬತೂತ ಬಂದಾಗ ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಮದರಸಾಗಳಿದ್ದವೆಂದು ಬರೆದಿದ್ದಾನೆ. ನಮ್ಮ ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳು ಶಾಲೆಯ ಮುಖ ನೋಡುವ ಹೊತ್ತಿಗೆ ಎಷ್ಟು ಶತಮಾನ ಕಳೆದಿತ್ತೆಂದು ನೆನೆದರೆ ನಾಚಿಕೆಯಾಗುತ್ತದೆ. ಆಮೇಲೆ ವಿಜಯನಗರದ ಕಾಲ. ಪಕ್ಕದ ಭಟ್ಕಳದಲ್ಲಿ ಅರಬ್ಬೀ ಕುದುರೆ ಇಳಿಯುತ್ತಿತ್ತು.

ಪೋರ್ಚುಗೀಸರು ಬಂದ ಮೇಲೆ ಆಟದ ನಿಯಮವೇ ಬದಲಾಯಿತು. ಅವರಿಗೆ ನೆಲ ಬೇಕಿರಲಿಲ್ಲ, ಕಡಲಿನ ದಾರಿ ಬೇಕಿತ್ತು. ಹಡಗು ಯಾರದೇ ಇರಲಿ, ತಮ್ಮ ರಹದಾರಿ ಪಡೆದೇ ಓಡಾಡಬೇಕು, ಇಲ್ಲದಿದ್ದರೆ ಲೂಟಿ. ಆ ರಹದಾರಿಗೆ ಕರ್ತಾಜ್ ಎಂದು ಹೆಸರು. ಇದು ನಡೆಯಬೇಕಾದರೆ ಒಂದೊಂದು ಅಳಿವೆಯ ಹತ್ತಿರವೂ ಅವರದೊಂದು ಕೋಟೆ ಇರಬೇಕು. 1568–69ರ ಸುಮಾರಿಗೆ ಮಂಗಳೂರು, ಬಸರೂರು, ಹೊನ್ನಾವರ ಮೂರೂ ಅವರ ಕೈಸೇರಿದವು. ಕನ್ನಡದಲ್ಲಿ ಅವರು ಪರಂಗಿಗಳು. ಅವರ ತೋಪು ಫಿರಂಗಿ, ಅವರು ತಂದ ಹಣ್ಣು ಪರಂಗಿಹಣ್ಣು. ಒಂದೇ ಪದ ತೋಪಿಗೂ ಹಣ್ಣಿಗೂ ಅಂಟಿಕೊಂಡು ಉಳಿಯಿತು.

ಆಗ ಮೇಲೆ ಮೆಣಸಿನ ಒಡತಿ ಗೇರುಸೊಪ್ಪೆಯ ಚೆನ್ನಭೈರಾದೇವಿ. ಪರಂಗಿಗಳೇ ಆಕೆಯನ್ನು ಮೆಣಸಿನ ರಾಣಿ ಎಂದರು. ಕೋಟೆ ಅವರದು, ಸರಕು ಆಕೆಯದು. ಒಬ್ಬರನ್ನೊಬ್ಬರು ನುಂಗಲೂ ಆಗದೆ ಬಿಡಲೂ ಆಗದೆ ದಿನ ತಳ್ಳಿದರು. ಹದಿನೇಳನೆಯ ಶತಮಾನದ ಮೊದಲ ದಶಕದಲ್ಲಿ ಕೆಳದಿಯ ಹಿರಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದ. ಅಲ್ಲಿಗೆ ಘಟ್ಟದ ಮೇಲಿನ ಅಕ್ಕಿ, ಮೆಣಸು, ಇಳಿಯುವ ದಾರಿ, ದೋಣಿ ಕಟ್ಟೆ ಎಲ್ಲ ಒಬ್ಬನ ಕೈಗೆ ಬಂದವು. ಕೊನೆಯ ಬಾಗಿಲು ಮಾತ್ರ ಪರಂಗಿಗಳದು.

ಈ ಸ್ಥಿತಿಯನ್ನು ಕಣ್ಣಾರೆ ಕಂಡು ಬರೆದವನೊಬ್ಬನಿದ್ದಾನೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿ, 1623ರಲ್ಲಿ ಗೋವಾದಿಂದ ವೆಂಕಟಪ್ಪ ನಾಯಕನ ಹತ್ತಿರ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಸೇರಿಕೊಂಡ. ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಶರಾವತಿಯೇರಿ ಗೇರುಸೊಪ್ಪೆ ಮುಟ್ಟಿ, ಅಲ್ಲಿಂದ ಘಟ್ಟ ಹತ್ತಿ ಕೆಳದಿಯವರ ಆಗಿನ ರಾಜಧಾನಿ ಇಕ್ಕೇರಿಗೆ ಬಂದ. ಹೊಳೆಯ ಚೆಲುವಿಗೆ ಮರುಳಾದ, ರಾಣಿಯ ಊರು ಆಗಲೇ ಪಾಳುಬಿದ್ದು ಮರಗಿಡ ಬೆಳೆದಿದ್ದನ್ನು ನೋಡಿದ. ಇವತ್ತು ಹೊನ್ನಾವರದಿಂದ ಸಾಗರಕ್ಕೆ ಬಸ್ಸಿನಲ್ಲಿ ಬರುವವರು ಹೆಚ್ಚುಕಡಿಮೆ ಅವನ ಜಾಡಿನಲ್ಲೇ ಬರುತ್ತಾರೆ, ದೋಣಿಯ ಬದಲು ಹೆದ್ದಾರಿ 69. ನನಗೆ ಮುಖ್ಯವಾಗಿ ಕಂಡದ್ದು ಇಷ್ಟು: ಕಡಲನ್ನೇ ಆಳುತ್ತಿದ್ದವರು ಘಟ್ಟ ಹತ್ತಿ ಬಂದು ಕಾಡಿನ ಅರಸನ ಬಾಗಿಲಲ್ಲಿ ಕಾಯಬೇಕಾಯಿತು. ಬಂದರಿನ ಕೋಟೆ ಕೈಲಿದ್ದರೂ ಮೆಣಸು ಇಳಿಯದಿದ್ದರೆ ಅದು ಖಾಲಿ ಪೆಟ್ಟಿಗೆಗೆ ಬೀಗ ಹಾಕಿ ಕೂತ ಹಾಗೆ.

ಇನ್ನೊಂದು ಸಂಗತಿ, ಗೋವಾದ ಅನ್ನ. ಗೋವಾ ತಾನು ಬೆಳೆದಿದ್ದರಲ್ಲಿ ಹೊಟ್ಟೆ ಹೊರೆಯುವಂತಿರಲಿಲ್ಲ, ಕೆನರಾದ ಅಕ್ಕಿ ಬರಬೇಕಿತ್ತು. ಮಸ್ಕತ್ತಿಗೂ ಇಲ್ಲಿಯದೇ ಅಕ್ಕಿ. ಮೆಣಸಿನ ಕತೆಗೆ ಘಮವಿದೆ, ಹಾಗಾಗಿ ಎಲ್ಲರೂ ಅದನ್ನೇ ಹೇಳುತ್ತಾರೆ. ನನ್ನ ಪ್ರಕಾರ ಕೆಳದಿಯ ನಿಜವಾದ ಆಯುಧ ಅಕ್ಕಿ. ಮೆಣಸಿಲ್ಲದೆ ಒಂದು ವರ್ಷ ತಳ್ಳಬಹುದು, ಅಕ್ಕಿಯಿಲ್ಲದೆ ಒಂದು ತಿಂಗಳು ತಳ್ಳಲಾಗದು.

ಶಿವಪ್ಪ ನಾಯಕ 1645ರಲ್ಲಿ ಪಟ್ಟಕ್ಕೆ ಬಂದ. ಅಷ್ಟರಲ್ಲಿ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಸರಿದಿತ್ತು. ಈಗಿನ ಹೊಸನಗರ ತಾಲ್ಲೂಕಿನ ನಗರವೇ ಬಿದನೂರು. ಹೊಲಗದ್ದೆ ಅಳೆಸಿ ಕಂದಾಯದ 'ಶಿಸ್ತು' ಹಾಕಿದವನೆಂದು ಅವನ ಹೆಸರು ಶಾಲೆಯ ಪಾಠದಲ್ಲಿ ಬರುತ್ತದೆ. ಎಷ್ಟು ಬೆಳೆಯುತ್ತದೆ, ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ಬಲ್ಲವನಿಗೆ ಬಾಗಿಲು ಬೇರೆಯವರ ಕೈಲಿರುವುದು ಸಹಿಸುವ ಮಾತಲ್ಲ. ಅವನಿಗೆ ಪರಂಗಿಗಳನ್ನು ನಡುಗಡಲಿನಲ್ಲಿ ಎದುರಿಸುವ ನೌಕಾಬಲವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಕೋಟೆಗಳ ತೋಪು ಕಡಲಿಗೆ ಮುಖ ಮಾಡಿದ್ದರೂ ಅವು ಉಣ್ಣುತ್ತಿದ್ದುದು ನೆಲದ ಕಡೆಯಿಂದ. ನೆಲದ ಕಡೆ ಮುತ್ತಿಗೆ ಹಾಕಿ ಅಕ್ಕಿ ನಿಲ್ಲಿಸಿದ. ಡಚ್ಚರು ಸಿಂಹಳದಲ್ಲಿ ಪೋರ್ಚುಗೀಸರ ಕುತ್ತಿಗೆ ಹಿಡಿದಿದ್ದ ಹೊತ್ತದು, ಗೋವಾದಿಂದ ಹೇಳಿಕೊಳ್ಳುವಂಥ ನೆರವು ಬರಲಿಲ್ಲ. 1652ರಿಂದ 1654ರೊಳಗೆ ಬಸರೂರು-ಗಂಗೊಳ್ಳಿ, ಮಂಗಳೂರು, ಹೊನ್ನಾವರ ಒಂದಾದ ಮೇಲೊಂದು ಬಿದ್ದವು.

ಆಮೇಲಿನ ನೂರು ವರ್ಷ ಬೀಗವೂ ಬೀಗದಕೈಯೂ ಒಬ್ಬರ ಹತ್ತಿರವೇ. ಕಡಲಕೋಟೆಗಳ ಹಿಂದೆ ಘಟ್ಟದ ಬುಡದ ಸುಂಕದ ಕಟ್ಟೆ, ಘಟ್ಟದ ತಲೆಯ ಠಾಣೆ, ಅದರ ಹಿಂದೆ ಬಿದನೂರು, ಅದೂ ಬಿದ್ದರೆ ಓಡಿ ಸೇರಲು ತೀರ್ಥಹಳ್ಳಿ ಕಡೆಯ ಕವಲೇದುರ್ಗ. ಇವು ಬೇರೆಬೇರೆ ಕೋಟೆಗಳಲ್ಲ, ಒಂದೇ ಸರಪಣಿಯ ಕೊಂಡಿಗಳು. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಸ್ಕಾಟಿಷ್ ನಾವಿಕ, ಈ ನಾಡನ್ನು ಸಾಮಾನ್ಯವಾಗಿ ಹೆಂಗಸೇ ಆಳುವುದು, ಆಕೆ ಇರುವುದು ಕಡಲಿನಿಂದ ಎರಡು ದಿನದ ದಾರಿಯಲ್ಲಿ ಎಂದು ಬರೆದ. ಎರಡು ದಿನದ ಆ ಏರು, ಅದರ ಕಾಡು, ಮಳೆ, ಜಿಗಣೆಗಳೇ ಕೆಳದಿಯ ಅತಿ ದೊಡ್ಡ ಕೋಟೆಗೋಡೆ.

ಹಾಗೆಂದು ಕಡಲಿನ ಕಡೆ ಬಾಗಿಲು ಭದ್ರವಾಗಿತ್ತು ಎನ್ನಲಾಗದು. 1665ರಲ್ಲಿ ಶಿವಾಜಿ ಹಡಗುಪಡೆಯೊಂದಿಗೆ ಬಂದು ಬಸರೂರನ್ನು ಸೂರೆಮಾಡಿ ಗೋಕರ್ಣದ ಮೇಲೆ ಹಿಂತಿರುಗಿದ. ಮಸ್ಕತ್ತಿನ ಅರಬರು ಒಮ್ಮೆ ಬಂದರು. ಪೋರ್ಚುಗೀಸರು ಮಂಗಳೂರಿನಲ್ಲಿ ವ್ಯಾಪಾರದ ಕೋಠಿ ತೆರೆಯಲು ಚೆನ್ನಮ್ಮಾಜಿಯಿಂದ 1678ರಲ್ಲಿ ಒಪ್ಪಂದ ಮಾಡಿಕೊಂಡರು, ಆದರೂ 1713ರಲ್ಲಿ ಜಗಳವಾಗಿ ಕರಾವಳಿಯ ಮೇಲೆ ಬಿದ್ದರು. ಕಡಲಿಂದ ಬಂದವರು ಊರು ಸುಟ್ಟರು, ಸುಲಿದರು, ಹಿಂದಿರುಗಿದರು. ಘಟ್ಟ ಹತ್ತಲಿಲ್ಲ. ಘಟ್ಟ ಹತ್ತದವನಿಗೆ ಮುಂದಿನ ವರ್ಷದ ಅಕ್ಕಿಯ ಮೇಲೆ ಹಕ್ಕಿಲ್ಲ, ಮತ್ತೆ ಇದೇ ಅರಸರ ಹತ್ತಿರ ಬೆಲೆ ಮಾತಾಡಬೇಕು.

ಕೈ ತಪ್ಪಿದ್ದು

ಸರಪಣಿ ಕಡಿದದ್ದು ಕಡಲಿನ ಕಡೆಯಿಂದಲ್ಲ. 1763ರಲ್ಲಿ ಹೈದರಾಲಿ ಮೂಡಣ ಬಯಲುಸೀಮೆಯಿಂದ ಬಂದು ಬಿದನೂರನ್ನು ಹಿಡಿದ. ರಾಣಿ ವೀರಮ್ಮಾಜಿಯನ್ನು ಮಧುಗಿರಿಯಲ್ಲಿ ಸೆರೆಯಲ್ಲಿಟ್ಟ. ರಾಜಧಾನಿ ಬಿದ್ದದ್ದೇ ತಡ, ಇಡೀ ಕರಾವಳಿ ಅವನದಾಯಿತು. ಪೋರ್ಚುಗೀಸರು ಎಂಬತ್ತು ವರ್ಷ ಕಡಲಿನಿಂದ ಒತ್ತಿ ಪಡೆಯಲಾಗದ್ದನ್ನು ಹೈದರ್ ಕಡಲು ನೋಡುವ ಮೊದಲೇ ಪಡೆದ. ನನ್ನ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಬೀಗದಕೈ ಬಿದನೂರಿನಲ್ಲಿತ್ತು.

ಹೈದರನಿಗೆ ಕಡಲಿನ ಆಸೆ ಕೆಳದಿಯವರಿಗಿಂತ ಹೆಚ್ಚು. ಹೊನ್ನಾವರದಲ್ಲಿ ಯುದ್ಧನೌಕೆ ಕಟ್ಟುವ ಕಾರ್ಖಾನೆಯನ್ನೇ ಹಾಕಿಸಿದ. ಮರ ಬೇಕೆಂದರೆ ಹಿಂದೆಯೇ ಘಟ್ಟದ ಕಾಡು. ಇದರಿಂದ ಬೆಚ್ಚಿದ ಬೊಂಬಾಯಿಯ ಇಂಗ್ಲಿಷರು 1768ರಲ್ಲಿ ಹಡಗುಪಡೆ ಕಳಿಸಿ ಮಂಗಳೂರು, ಹೊನ್ನಾವರ, ಬಸವರಾಜದುರ್ಗಗಳನ್ನು ಹಿಡಿದರು. ಹೈದರನೂ ಟಿಪ್ಪುವೂ ಘಟ್ಟ ಇಳಿದು ಬಂದದ್ದೇ, ಇಂಗ್ಲಿಷರು ಕೆಲವೇ ತಿಂಗಳಲ್ಲಿ ಮಂಗಳೂರನ್ನು ಬಿಟ್ಟು ಹಡಗು ಹತ್ತಿದರು.

1783ರಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಈ ಸಲ ಜನರಲ್ ಮ್ಯಾಥ್ಯೂಸ್ ಬರೀ ಬಂದರು ಹಿಡಿದು ಕೂರಲಿಲ್ಲ. ಕುಮಟಾ ಕಡೆ ಇಳಿದು, ಜನವರಿಯ ಮೊದಲ ವಾರ ಹೊನ್ನಾವರದ ಕೋಟೆಯನ್ನು ಒಡೆದು ನುಗ್ಗಿ, ಕುಂದಾಪುರಕ್ಕೆ ಸಾಗಿ, ಅಲ್ಲಿಂದ ಹೊಸಂಗಡಿ ಘಟ್ಟವನ್ನು ಹತ್ತಿದ. ಘಟ್ಟದ ಉದ್ದಕ್ಕೂ ತೋಪಿನ ಕಟ್ಟೆಗಳು. ಅವನ್ನು ದಾಟಿ ಬಂದವನಿಗೆ ನಗರದ ಕೋಟೆ ಕಾದಾಟವಿಲ್ಲದೆ ಸಿಕ್ಕಿತು. ಅಲ್ಲಿದ್ದ ಅಧಿಕಾರಿ ಶೇಖ್ ಅಯಾಜ್ ಒಪ್ಪಿಸಿಬಿಟ್ಟ. ಕಡಲಿನಿಂದ ಬಂದು ಬೀಗದಕೈ ಕಿತ್ತುಕೊಂಡ ಒಬ್ಬನೇ ಒಬ್ಬ ಅವನು. ಅದು ಅವನ ಕೈಲಿ ನಿಂತದ್ದು ಮೂರು ತಿಂಗಳು. ಏಪ್ರಿಲಿನಲ್ಲಿ ಟಿಪ್ಪು ದೊಡ್ಡ ಸೈನ್ಯದೊಂದಿಗೆ ಬಂದು ಸುತ್ತುಗಟ್ಟಿ, ಘಟ್ಟದ ದಾರಿ ಮುಚ್ಚಿದ. ಕೆಳಗಿನ ಹಡಗುಗಳಿಂದ ನೆರವು ಬರುವಂತಿಲ್ಲ, ಓಡುವಂತಿಲ್ಲ. ಮ್ಯಾಥ್ಯೂಸ್ ಶರಣಾದ. ಹತ್ತಿಬಂದ ದಾರಿಯೇ ಅವನಿಗೆ ಬೋನಾಯಿತು.

ಅತ್ತ ಹೊನ್ನಾವರದ ಕೋಟೆಯಲ್ಲಿ ಟೋರಿಯಾನೊ ಎಂಬ ಕ್ಯಾಪ್ಟನ್ ಮುತ್ತಿಗೆಯೊಳಗೆ ಸಿಕ್ಕಿಹಾಕಿಕೊಂಡು ತಿಂಗಳುಗಟ್ಟಲೆ ಹಟ ಹಿಡಿದು ಕೂತ. 11 ಮಾರ್ಚ್ 1784ರ ಮಂಗಳೂರು ಒಪ್ಪಂದದ ಮೇಲೆಯೇ ಅದು ಟಿಪ್ಪುವಿಗೆ ಮರಳಿದ್ದು. ಮರಳಿ ಸಿಕ್ಕಿದ್ದನ್ನು ಟಿಪ್ಪು ಜತನ ಮಾಡಲಿಲ್ಲ, ಹಾಳುಗೆಡವಿದ. ನಾನು ಮೊದಲು ಇದನ್ನು ಬರೀ ಸಿಟ್ಟಿನ ಕೆಲಸ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಹಡಗುಬಲ ಹೆಚ್ಚಿರುವ ಹಗೆಗೆ ದಂಡೆಯಲ್ಲೊಂದು ಗಟ್ಟಿ ಕೋಟೆ ಉಳಿಸುವುದು, ಕಳ್ಳನಿಗೆ ಏಣಿ ಒರಗಿಸಿಟ್ಟಂತೆ. 1801ರಲ್ಲಿ ಬುಕಾನನ್ ಬಂದಾಗ ಒಂದು ಕಾಲದ ದೊಡ್ಡ ಪೇಟೆ ಪಾಳು. ಇಂಗ್ಲಿಷರು ಮುಳುಗಿಸಿದ್ದ ಹೈದರನ ಹಡಗುಗಳ ಅವಶೇಷ ಹೊಳೆಯಲ್ಲಿ ಆಗಲೂ ಕಾಣುತ್ತಿತ್ತಂತೆ.

ನಡುಗಡ್ಡೆಯ ಕೋಟೆ ಪಾಳಾದದ್ದಕ್ಕೆ ಫಿರಂಗಿ ಕಾರಣವಲ್ಲ, ಒಂದು ಗಡಿಗೆರೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ರಾಜ್ಯ ಹಂಚುವಾಗ ಕರಾವಳಿಯನ್ನು ಕಂಪನಿ ತಾನಿಟ್ಟುಕೊಂಡಿತು, ಘಟ್ಟದ ಮೇಲಿನ ನಗರದ ಸೀಮೆ ಮೈಸೂರು ಒಡೆಯರಿಗೆ ಹೋಯಿತು. ಶತಮಾನಗಳ ಸರಪಣಿಯನ್ನು ಘಟ್ಟದ ನೆತ್ತಿಯಲ್ಲೇ ತುಂಡರಿಸಿದ ಹಾಗೆ. ಕೆಳಗೆ ಮೊದಲು ಮದರಾಸಿನ ಆಡಳಿತ, 1862ರಿಂದ ಉತ್ತರ ಕೆನರಾ ಬೊಂಬಾಯಿಗೆ, ದಕ್ಷಿಣ ಕೆನರಾ ಮದರಾಸಿಗೇ. ಹೊನ್ನಾವರದ ಮಾತು ಬೊಂಬಾಯಿಗೆ, ಕುಂದಾಪುರದ್ದು ಮದರಾಸಿಗೆ, ನಗರದ ಅಮಲ್ದಾರರದು ಮೈಸೂರಿಗೆ. ಕೋಟೆಗೆ ಅಕ್ಕಿ ಕಳಿಸುವವರೇ ಇಲ್ಲದ ಮೇಲೆ, ಕಾಯಲು ಹಗೆಯೂ ಉಳಿಯದ ಮೇಲೆ, ಕಡಲಿನಲ್ಲಿ ಕಾವಲುಗಾರರನ್ನಿಡಲು ಯಾರಿಗೆ ಹುಚ್ಚು? ದೊಡ್ಡ ಹಡಗುಗಳು ಆಳವಿರುವ ಕಾರವಾರಕ್ಕೆ ಹೋದವು. 1899ರಲ್ಲಿ ಶಿವಮೊಗ್ಗಕ್ಕೆ ರೈಲು ಬಂತು, ಆಮೇಲೆ ತಾಳಗುಪ್ಪದವರೆಗೆ. ನಮ್ಮ ಅಡಿಕೆ ಪಡುವಣಕ್ಕೆ ಬೆನ್ನು ಹಾಕಿ ಮೂಡಣಕ್ಕೆ ಹೊರಟಿತು. ತಾಳಗುಪ್ಪದಿಂದ ಹೊನ್ನಾವರಕ್ಕೆ ಹಳಿ ಜೋಡಿಸುವ ಮಾತು ನಾನು ಹುಡುಗನಾಗಿದ್ದಾಗಿಂದ ಚುನಾವಣೆ ಬಂದಾಗಲೆಲ್ಲ ಕೇಳುತ್ತಿದ್ದೇನೆ.

1956ರಲ್ಲಿ ಮೇಲಿನವರೂ ಕೆಳಗಿನವರೂ ಮತ್ತೆ ಒಂದೇ ರಾಜ್ಯಕ್ಕೆ ಸೇರಿದರು. ಅಷ್ಟರಲ್ಲಿ ಗೋಳಿಬೇರು ತನ್ನ ಕೆಲಸ ಮುಗಿಸಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹೊಳೆಯ ಮಳೆಗಾಲದ ರಭಸವೂ ಮೊದಲಿನದಲ್ಲ. ಈಗ ಹೊನ್ನಾವರದಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲಿನ ಸೇತುವೆಯಿದೆ. ಕರಾವಳಿಯ ಉದ್ದಕ್ಕೂ ಓಡುವ ಆ ರೈಲಿಗೆ ಘಟ್ಟದ ಸಂಗಡ ಮಾತುಕತೆಯಿಲ್ಲ.

ನೋಡಬೇಕೆನ್ನುವವರಿಗೆ ಒಂದು ಕಿವಿಮಾತು. ನೇರ ಹೊನ್ನಾವರಕ್ಕೆ ಹೋಗಿ ದೋಣಿ ಹತ್ತಬೇಡಿ. ಮೊದಲು ನಗರದ ಕೋಟೆಯ ಮೇಲೆ ನಿಲ್ಲಿ, ಕವಲೇದುರ್ಗವನ್ನು ಬೆಳಗಿನ ಹೊತ್ತಲ್ಲೇ ಹತ್ತಿ ಇಳಿಯಿರಿ, ಆಮೇಲೆ ಸಾಗರದ ಮೇಲೆ ಗೇರುಸೊಪ್ಪೆ ಘಟ್ಟ ಇಳಿದು ಕಡಲು ಸೇರಿ. ಅಕ್ಕಿ ಇಳಿದ ದಾರಿಯಲ್ಲೇ ಇಳಿದ ಹಾಗಾಗುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಕಡಲು ಮಾತು ಕೇಳುತ್ತದೆ. ಉಳಿದಂತೆ ಹೋಗಬಹುದೋ ಬೇಡವೋ ಎಂಬುದು ದೋಣಿಯವರಿಗೆ ಬಿಟ್ಟದ್ದು, ವಾದಿಸಬೇಡಿ. ಬರುವಾಗ ಹರಳುಪ್ಪು ತರುವುದಾದರೆ ಎರಡು ಚೀಲ ಪ್ಲಾಸ್ಟಿಕ್ಕಿನೊಳಗೆ ಕಟ್ಟಿ, ಘಟ್ಟದ ಮಂಜಿಗೆ ನೀರೊಡೆಯುತ್ತದೆ. ಮತ್ತೆ, ನಡುಗಡ್ಡೆಗೆ ಕುಡಿಯುವ ನೀರು ಒಯ್ಯಿರಿ. ಮೇಲೆ ಬಾವಿ ಇದೆ, ಹಗ್ಗವಿಲ್ಲ.